ಎಲೆ ಹೇಳುವ ಕಾಡಿನ ವಯಸ್ಸು

ಫಾಲ್ಗುಣ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ಮಧುಗಿರಿಯಿಂದ ಕೊಡಿಗೇನಹಳ್ಳಿಯ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರಿಗೆ ಕಾಣುವ ನೋಟ ಕಣ್ಣಿಗೆ ಹಬ್ಬವಾಗುವಂಥದಲ್ಲ. ಹಿಂದೆ, ಒಂದೇ ಕಲ್ಲಿನಲ್ಲಿ ಕಡೆದಿಟ್ಟಂತೆ ನಿಂತ ಕೋಟೆಬೆಟ್ಟ. ಎಡಬಲಗಳಲ್ಲಿ ಬಂಡೆಯ ಗುಡ್ಡಗಳು. ಗುಡ್ಡಗಳ ಮೈಮೇಲೆ ಬಾಚದೆ ಬಿಟ್ಟ ಕೂದಲಿನಂತೆ ಕುರುಚಲು ಗಿಡಗಳು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆಯನ್ನು ಹಾದು, ಈ ಸೀಮೆಯ ಮೂಲಕ ಉತ್ತರ ಪಿನಾಕಿನಿಯನ್ನು ಕೂಡಲು ಹೋಗುವ ಜಯಮಂಗಲಿ ಆ ಹೊತ್ತಿಗೆ ಹೆಸರಿಗೆ ಮಾತ್ರ ನದಿ. “ಈ ಕಡೆ ಏನಿದೆ, ಬರೀ ಮುಳ್ಳು” ಎಂದು ಹೊಸಬರು ಹೇಳುವುದುಂಟು. ಹಳಬರೂ ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಆ ಮುಳ್ಳಿಗೂ ಪಟ್ಟಣದ ಮನೆಗಳಿಗೂ ನಂಟಿಲ್ಲದೆ ಇಲ್ಲ. ಎಣ್ಣೆಸ್ನಾನದ ದಿನ ಸೀಗೆಪುಡಿಯ ಜೊತೆಗೆ ಹೊರಬರುವ ಚಿಗರೆಪುಡಿ ಇಂಥ ಗುಡ್ಡಗಳ ಒಂದು ಮರದ ಒಣಗಿದ ಎಲೆಯಲ್ಲದೆ ಬೇರೇನೂ ಅಲ್ಲ. ವಿಜಯದಶಮಿಯ ಸಂಜೆ ‘ಬಂಗಾರ’ವೆಂದು ಹಿರಿಯರ ಕೈಗಿತ್ತು ನಮಸ್ಕರಿಸುವ ಬನ್ನಿಯೂ ಒಣಸೀಮೆಯ ಮರದ ಎಲೆಯೇ. ಸಮಾರಾಧನೆಗಳಲ್ಲಿ ಪಂಕ್ತಿಯುದ್ದಕ್ಕೂ ಹಾಸುತ್ತಿದ್ದ ಮುತ್ತುಗದ ಎಲೆ ಮೂರನೆಯದು. ಈ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಬೇಕು. ಚಿಗರೆಯ ಒಂದು ಎಲೆಯೆಂದರೆ ನೂರಾರು ಕಿರುಎಲೆಗಳ ಒಂದು ಗರಿ. ಒಂದೊಂದು ಕಿರುಎಲೆಯೂ ಅಕ್ಕಿಯ ಕಾಳಿಗಿಂತ ಸಣ್ಣದು. ಬನ್ನಿಯ ಕಿರುಎಲೆ ಅದಕ್ಕಿಂತ ತುಸು ದೊಡ್ಡದಾದರೂ ಉಗುರಿನಷ್ಟೇ. ಮುತ್ತುಗದ ಮೂರೆಲೆಗಳಲ್ಲಿ ಒಂದೊಂದೂ ಅಂಗೈಯನ್ನು ಮೀರಿಸುತ್ತದೆ. ಬಿಸಿಲು ಒಂದೇ, ಮಳೆಯೂ ಒಂದೇ. ಎಲೆಗಳಲ್ಲಿ ಇಷ್ಟು ಅಂತರವೇಕೆ?

ಸಸ್ಯಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಕಡಿದ ಕಾಡು ಮರಳಿ ಬೆಳೆಯುವಾಗ ಅದರ ಎಲೆಗಳು ಯಾವ ಕ್ರಮದಲ್ಲಿ ಬದಲಾಗುತ್ತವೆ ಎಂಬುದನ್ನು ಅಳೆದು ನೋಡಿದ ಮೇಲೆ, ಕುರುಚಲನ್ನು ‘ಬರೀ ಮುಳ್ಳು’ ಎಂದು ಕರೆಯುವುದು ಎಷ್ಟರಮಟ್ಟಿಗೆ ಸರಿ ಎಂಬ ಸಂಶಯ ಅವರಲ್ಲಿ ಬಲವಾಗಿದೆ.

ಅಗಲವಾದರೆ ಕಷ್ಟ

ಎಲೆ ಗಿಡದ ಅಡುಗೆಮನೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆ ಅಡುಗೆಮನೆಯ ಕಿಟಕಿಗಳು ಎಲೆಯ ಮೈಮೇಲಿನ ಸೂಕ್ಷ್ಮ ರಂಧ್ರಗಳು. ಗಾಳಿ ಒಳಗೆ ಬರಬೇಕಾದರೆ ಅವು ತೆರೆದಿರಬೇಕು. ತೆರೆದಿದ್ದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನೀರು ಸಮೃದ್ಧಿಯಾಗಿರುವಲ್ಲಿ ಇದರಿಂದ ತೊಂದರೆಯಿಲ್ಲ. ಮಣ್ಣಿನ ಹೂಜಿ ಬೆವರಿ ತಣ್ಣಗಾಗುವಂತೆ ಎಲೆಯೂ ಬೆವರಿ ತಣ್ಣಗಿರುತ್ತದೆ. ಮಧುಗಿರಿಯಲ್ಲಿ ವರ್ಷಕ್ಕೆ ಬೀಳುವ ಮಳೆ 600–700 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಬಹುಪಾಲು ಮಳೆಗಾಲದ ಕೊನೆಯ ತಿಂಗಳುಗಳಲ್ಲಿ. ಬಂಡೆಯ ಮೇಲಿನ ಗೇಣುದ್ದದ ಮಣ್ಣಿನಲ್ಲಿ ನಿಂತ ಸಸಿ ಚೈತ್ರ ವೈಶಾಖಗಳಲ್ಲಿ ಬೆವರಲು ನೀರನ್ನು ಎಲ್ಲಿಂದ ತಂದೀತು?

ಬೆವರದೆ ತಣ್ಣಗಿರುವ ಉಪಾಯ ಒಂದುಂಟು. ಯಾವ ವಸ್ತುವಿನ ಮೈಗೂ ಗಾಳಿಯ ಒಂದು ತೆಳುಪದರ ಅಂಟಿಕೊಂಡು ನಿಂತಿರುತ್ತದೆ. ಎಲೆ ಅಗಲವಾದಷ್ಟೂ ಈ ಪದರ ದಪ್ಪ. ಬಿಸಿಲಿನಲ್ಲಿ ಕಾದ ಎಲೆಗೆ ಅದು ಕಂಬಳಿ ಹೊದಿಸಿದಂತೆ. ಎಲೆ ಸಣ್ಣದಾದರೆ ಪದರ ತೆಳುವಾಗಿ, ಹಾದುಹೋಗುವ ಗಾಳಿಯೇ ಅದರ ಕಾವನ್ನು ಕೊಂಡೊಯ್ಯುತ್ತದೆ. ಜಾಲಿ, ಕಗ್ಗಲಿ, ಚಿಗರೆಗಳು ಒಂದು ದೊಡ್ಡ ಎಲೆಯನ್ನು ನೂರು ಚೂರು ಮಾಡಿ ಹರವಿರುವ ಗುಟ್ಟು ಇದೇ. ಇವುಗಳಲ್ಲಿ ಎಷ್ಟೋ ಗಿಡಗಳಿಗೆ ಇನ್ನೊಂದು ಜಾಣತನವೂ ಇದೆ. ಕಿರುಎಲೆಯ ಬುಡದಲ್ಲಿ ಬಾಗಿಲಿನ ತಿರುಗಣಿಯಂಥ ಒಂದು ಉಬ್ಬು. ಅದರ ನೆರವಿನಿಂದ ಎಲೆ ತನ್ನ ಮುಖವನ್ನು ಬಿಸಿಲಿನಿಂದ ತಿರುಗಿಸಿಕೊಳ್ಳುತ್ತದೆ, ಕತ್ತಲಾದರೆ ಮುಚ್ಚಿಕೊಳ್ಳುತ್ತದೆ.

ಉಳಿದವು ತಮ್ಮ ತಮ್ಮ ದಾರಿ ಹಿಡಿದಿವೆ. ಬಂದರಿಕೆಯ ಕಿರಿದಾದ ಎಲೆಗೆ ಅಂಟಿನ ಮೆರುಗು. ಎಲಚಿಯ ಎಲೆ ಮಡಿಸಿ ನೋಡಿದರೆ ಅಡಿಯಲ್ಲಿ ಬಿಳಿಯ ತುಪ್ಪುಳ. ಕಳ್ಳಿಯಂತೂ ಎಲೆಯ ಗೊಡವೆಯನ್ನೇ ಬಿಟ್ಟು ಕಾಂಡದಿಂದಲೇ ಅಡುಗೆ ನಡೆಸುತ್ತದೆ.

ಮೊದಲು ಬಂದವರ ಉಪಕಾರ

ಕಾಡು ಕಡಿದ, ಇಲ್ಲವೇ ಉತ್ತು ಬಿಟ್ಟ ಒಣನೆಲದಲ್ಲಿ ಮೊದಮೊದಲು ನೆಲೆ ನಿಲ್ಲುವವು ಬಹುಮಟ್ಟಿಗೆ ಇಂಥ ಗಿಡಗಳೇ. ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದಲ್ಲಿ ನಿಸಾಂದ ಎಂಬ ಊರಿದೆ. ಬೇಸಾಯ ಬಿಟ್ಟ ಅಲ್ಲಿನ ಮುಸುಕಿನ ಜೋಳದ ಹೊಲಗಳಲ್ಲಿ ಮರಳಿ ಬೆಳೆದ ಒಣಕಾಡನ್ನು ಎಡ್ವಿನ್ ಲೆಬ್ರಿಹಾ-ತ್ರೆಹೋಸ್ ಮತ್ತು ಅವರ ಸಂಗಡಿಗರು ಅಳೆದರು. 2010ರಲ್ಲಿ ಪ್ರಕಟವಾದ ಅವರ ಬರಹದಂತೆ, ಎಳೆಯ ಕಾಡಿನಲ್ಲಿ ಯಾವ ಗಿಡ ಉಳಿಯಬೇಕು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಕಾವು. ಗರಿಯೆಲೆ, ಕಿರುಎಲೆ, ಮಡಿಸಬಲ್ಲ ಎಲೆಗಳವರಿಗೆ ಅಲ್ಲಿ ಮೊದಲ ಮಣೆ. ಕಾಡಿಗೆ ವಯಸ್ಸಾಗಿ ನೆರಳು ಕೂಡಿದ ಮೇಲೆ ಕಾವಿನ ಆಳ್ವಿಕೆ ಸಡಿಲುತ್ತದೆ.

ಮೆಕ್ಸಿಕೋವಿನ ಮರಗಳು ಬೇರೆ, ಮಧುಗಿರಿಯವು ಬೇರೆ. ಆದರೆ ಬಿಸಿಲು ಮಾಡುವ ಕೆಲಸ ಎರಡು ಕಡೆಗಳಲ್ಲಿಯೂ ಒಂದೇ. ಬೋಳುಗುಡ್ಡದಲ್ಲಿ ಒಂದು ಜಾಲಿಯೋ ಒಂದು ಕಾರೆಯ ಪೊದೆಯೋ ನಿಂತಿತೆನ್ನಿ. ಅದರ ನೆರಳು ಜರಡಿಯಲ್ಲಿ ಸೋಸಿದ ಹಾಗೆ ಬಲು ತೆಳು. ಆದರೂ ಅದರಡಿಯ ನೆಲ ಪಕ್ಕದ ಬಂಡೆಯಷ್ಟು ಕಾಯುವುದಿಲ್ಲ. ಉದುರಿದ ಕಿರುಎಲೆಗಳು ಗಾಳಿಗೆ ಹಾರಿಹೋಗದೆ ಬುಡದಲ್ಲಿಯೇ ಕೂಡಿಕೊಂಡು ಬೇಗ ಮಣ್ಣಾಗುತ್ತವೆ. ಜಾಲಿ, ಚಿಗರೆಗಳು ಬೇರುಗಂಟುಗಳಲ್ಲಿ ನೆಲೆಸಿದ ಜೀವಾಣುಗಳ ಸಹಾಯದಿಂದ ಗಾಳಿಯ ಸಾರಜನಕವನ್ನು ನೆಲಕ್ಕೆ ತರುತ್ತವೆ. ಕೊಂಬೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುವ ಪಿಕಳಾರ ಹಕ್ಕಿ ತಾನು ಎಲ್ಲಿಯೋ ತಿಂದ ಹಣ್ಣಿನ ಬೀಜವನ್ನು ಅಲ್ಲಿ ಬೀಳಿಸುತ್ತದೆ. ಬೀಜ ಮೊಳೆತರೆ ಆಡಿನ ಬಾಯಿ ಅದನ್ನು ಮುಟ್ಟದಂತೆ ಸುತ್ತಲೂ ಮುಳ್ಳಿನ ಬೇಲಿ ಸಿದ್ಧವಾಗಿರುತ್ತದೆ. ಶ್ರೀಗಂಧದ ಸಸಿ ಏಳುವುದೂ ಹೀಗೆಯೇ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಅನ್ನಪಾನವನ್ನು ಎರವಲು ಪಡೆಯುವ ಆ ಮರಕ್ಕೆ ಕುರುಚಲಿಗಿಂತ ಒಳ್ಳೆಯ ತೊಟ್ಟಿಲಿಲ್ಲ.

ಹೀಗೆ ವರ್ಷಗಳು ಉರುಳಿದ ಮೇಲೆ ಎಲೆಗಳ ಅಗಲ ಹೆಚ್ಚುತ್ತ ಬರುತ್ತದೆ. ಕಕ್ಕೆ, ದಿಂಡಿಗ, ತಡಸಲು, ಮತ್ತಿಗಳು ಎದ್ದುನಿಲ್ಲುತ್ತವೆ. ನೀರು ಇಂಗುವ ಕೊರಕಲುಗಳಲ್ಲಿ ಹೊಂಗೆ, ನೇರಳೆ, ಅತ್ತಿಗಳ ತಣ್ಣನೆಯ ಹಸುರು ಕಾಣುತ್ತದೆ. ನೆರಳಿನಲ್ಲಿ ಹುಟ್ಟಿದ ಎಲೆಗೆ ಬೆಳಕೇ ದುರ್ಲಭವಾದುದರಿಂದ ತೆಳುವಾಗಿ ಅಗಲವಾಗಿ ಹರಡಿಕೊಳ್ಳುವುದು ಅದಕ್ಕೆ ಲಾಭ. ಒಂದೇ ಮರದಲ್ಲಿಯೂ ನೆತ್ತಿಯ ಎಲೆ ಚಿಕ್ಕದಾಗಿ ದಪ್ಪಗಿದ್ದು, ಒಳಗೊಂಬೆಯ ಎಲೆ ದೊಡ್ಡದಾಗಿ ತೆಳ್ಳಗಿರುವುದನ್ನು ಮನೆಯಂಗಳದ ಮಾವು ಹಲಸುಗಳಲ್ಲಿಯೇ ಪರೀಕ್ಷಿಸಬಹುದು. ರಜಾದಿನದಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕಿಲ್ಲ.

ಈ ನಿಯಮಕ್ಕೆ ತಲೆಬಾಗದ ಹಟಮಾರಿಯೊಬ್ಬನಿದ್ದಾನೆ: ಮುತ್ತುಗ. ಅಂಗೈ ಮೀರಿದ ಎಲೆಯನ್ನು ಹೊತ್ತು ಅದು ಬಯಲಿನಲ್ಲಿಯೇ, ಸುಡುಬಿಸಿಲಿನಲ್ಲಿಯೇ ನಿಲ್ಲುತ್ತದೆ. ತೊಗಲಿನಂತೆ ದಪ್ಪನಾದ ಆ ಎಲೆಯನ್ನು ದನಗಳು ಅಷ್ಟಾಗಿ ಮೆಚ್ಚುವುದಿಲ್ಲ. ಬೇಸಗೆಯ ಹೊಸ್ತಿಲಲ್ಲಿ ಎಲೆಯನ್ನೆಲ್ಲ ಉದುರಿಸಿ, ಕೆಂಡದ ಬಣ್ಣದ ಹೂವನ್ನು ಮುಡಿದು ಕಾವಿನ ದಿನಗಳನ್ನು ಕಳೆಯುವುದು ಅದರ ಪದ್ಧತಿ. ಎಲೆಯ ಅಳತೆಯೊಂದನ್ನೇ ಹಿಡಿದು ಕಾಡಿನ ಜಾತಕ ಬರೆಯಹೊರಟವರನ್ನು ಮುತ್ತುಗ ಪೇಚಿಗೆ ಸಿಕ್ಕಿಸುತ್ತದೆ.

ಮಲೆನಾಡಿನ ಲೆಕ್ಕವೇ ಬೇರೆ

ಮಲೆನಾಡಿನವರಿಗೆ ಈ ಕಥೆ ತಲೆಕೆಳಗಾಗಿ ಕಂಡೀತು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಂಥ ಸೀಮೆಯಲ್ಲಿ ಕಾಡು ಬಯಲಾದೆಡೆ ಮೊದಲು ನುಗ್ಗುವುದು ಛತ್ರಿಯಂಥ ಅಗಲ ಎಲೆಯ ಉಪ್ಪಳಿಗೆ. ನೀರಿಗೆ ಅಲ್ಲಿ ಬರವಿಲ್ಲ, ಪೈಪೋಟಿಯೆಲ್ಲ ಬೆಳಕಿಗೆ. ಬೇಗ ಬೆಳೆದು, ಹಗುರವಾದ ಮರವಾಗಿ, ಬೇಗ ಸಾಯುವವರು ಮೊದಲು. ನಿಧಾನವಾಗಿ ಬೆಳೆದು ಗಟ್ಟಿಯಾದ ದಿಮ್ಮಿ ಕೊಡುವವರು ಅನಂತರ.

ಹಾಲೆಂಡಿನ ವಾಗೆನಿಂಗನ್ ವಿಶ್ವವಿದ್ಯಾಲಯದ ಲೌರೆನ್ಸ್ ಪೋರ್ಟರ್ ಮತ್ತು ಅನೇಕ ದೇಶಗಳ ಸಂಶೋಧಕರು ಅಮೆರಿಕ ಖಂಡಗಳ 50 ತಾಣಗಳ ಲೆಕ್ಕವನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. ಮಳೆಕಾಡು ಹಗುರವಾದ ಮರದಿಂದ ಆರಂಭಿಸಿ ಗಟ್ಟಿಮರದ ಕಡೆಗೆ ಸಾಗುತ್ತದೆ. ಒಣಕಾಡು ಗಟ್ಟಿಮರದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಮೆತ್ತಗಾಗುತ್ತದೆ. ಕಷ್ಟದ ಕಾಲವನ್ನು ಒಣಕಾಡು ಮೊದಲೇ ಕಳೆಯುತ್ತದೆ ಎನ್ನಬಹುದು. ಮಲೆನಾಡಿನ ಪಾಠವನ್ನು ಮಧುಗಿರಿಯ ಗುಡ್ಡಕ್ಕೆ ಹೇಳಿದರೆ ತಪ್ಪಾಗುವುದು ಇಲ್ಲಿಯೇ.

ಇದೇ ತಂಡ 2021ರಲ್ಲಿ ಪಶ್ಚಿಮ ಆಫ್ರಿಕವನ್ನೂ ಸೇರಿಸಿಕೊಂಡು 77 ತಾಣಗಳ ಲೆಕ್ಕ ಕೊಟ್ಟಿತು. ಉಷ್ಣವಲಯದಲ್ಲಿ ತಾನಾಗಿ ಮರಳಿ ಬೆಳೆಯುವ ಕಾಡಿನ ಮಣ್ಣು ಹಳೆಯ ಕಾಡಿನ ಸ್ಥಿತಿಗೆ ಹತ್ತಿರ ಬರಲು 10 ವರ್ಷಕ್ಕಿಂತ ಕಡಮೆ ಸಾಕು. ಎಲೆ, ಕಾಂಡಗಳ ಗುಣಗಳು 25 ವರ್ಷದೊಳಗೆ ಬರುತ್ತವೆ. ಮರಗಳ ಎತ್ತರ, ದಟ್ಟಣೆ, ಜಾತಿಗಳ ಸಂಖ್ಯೆಗಳಿಗೆ 25ರಿಂದ 60 ವರ್ಷ. ಆದರೆ ಅದೇ ಹಳೆಯ ಜಾತಿಗಳು ಅದೇ ಪ್ರಮಾಣದಲ್ಲಿ ಮರಳಿ ಬರಲು 120 ವರ್ಷಕ್ಕೂ ಹೆಚ್ಚು. ಎಲೆ ಎಲ್ಲರಿಗಿಂತ ಮುಂಚೆ ಮಾತನಾಡುತ್ತದೆ. ಕಾಡಿನ ಕುಟುಂಬವೆಲ್ಲ ಕೂಡಿಬರುವುದನ್ನು ಮೊಮ್ಮಕ್ಕಳ ಮಕ್ಕಳು ನೋಡಬೇಕು.

ಬೊಡ್ಡೆಯ ಮೋಸ

ಗುಡ್ಡವೇರಿದವರ ಕಣ್ಣಿಗೆ ಕೆಲವೊಮ್ಮೆ ಮೊಣಕಾಲೆತ್ತರದ ಗಿಡದಲ್ಲಿ ಬಲು ದೊಡ್ಡ ಎಲೆ ಬೀಳುತ್ತದೆ. ಕಾಡು ಬಲಿಯಿತೆಂದು ಸಂತೋಷಪಡುವ ಮುನ್ನ ಗಿಡದ ಬುಡವನ್ನು ಕೆದಕಿ ನೋಡಬೇಕು. ಅಲ್ಲಿ ಕೊಡಲಿಯ ಗುರುತು ಹೊತ್ತ ಬೊಡ್ಡೆ ಇದ್ದರೆ ಆ ಎಲೆಯ ಅರ್ಥ ಬೇರೆ. ಇಡೀ ಮರವನ್ನು ಸಾಕಲು ಬೆಳೆದ ಬೇರು ಈಗ ನಾಲ್ಕೇ ಚಿಗುರಿಗೆ ಉಣಿಸುತ್ತಿದೆ. ಹತ್ತು ಮಂದಿಯ ಅಡುಗೆ ಇಬ್ಬರ ಎಲೆಗೆ ಬಿದ್ದಂತೆ. ಆದಕಾರಣ ಎಲೆ ಉಬ್ಬಿದೆ. ಮರುವರ್ಷ ಮತ್ತೆ ಕಡಿದರೆ ಮತ್ತೆ ಚಿಗುರು; ಹೀಗೆ ಕಡಿಯುತ್ತ ಹೋದರೆ ಬೇರಿನ ಗಂಟು ಕರಗಿ ಒಂದು ದಿನ ಬೊಡ್ಡೆ ಸುಮ್ಮನಾಗುತ್ತದೆ. ಇದಕ್ಕೆ ಸೌದೆ ಹೊತ್ತವರನ್ನೇ ಬೈದು ಪ್ರಯೋಜನವಿಲ್ಲ. ತಲೆತಲಾಂತರದಿಂದ ಒಲೆ ಉರಿದದ್ದು ಈ ಗುಡ್ಡಗಳಿಂದಲೇ. ಪಟ್ಟಣಗಳ ಒಲೆಗಳಿಗೆ ಇದ್ದಲಾಗಿ ಹೋದದ್ದೂ ಇಂಥ ಗಟ್ಟಿಮರಗಳೇ.

ಕೊಡಲಿಗಿಂತ ಹೆಚ್ಚಿನ ಶತ್ರು ಬೆಂಕಿ. ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಚೆನ್ನಾಗಿ ಬರುತ್ತದೆಂಬ ನಂಬಿಕೆಯಿಂದ ಇಡುವ ಕಿಡಿ ಕೆಲವು ಗಂಟೆಗಳಲ್ಲಿ ಗುಡ್ಡವನ್ನೇ ನುಂಗುತ್ತದೆ. ದೊಡ್ಡ ಮರ ಬದುಕೀತು. ಮುಳ್ಳಿನ ಮರೆಯಲ್ಲಿ ಎರಡು ಮೂರು ವರ್ಷದಿಂದ ಏಳುತ್ತಿದ್ದ ಅಗಲ ಎಲೆಯ ಸಸಿ ಬದುಕದು. ಲೆಕ್ಕ ಮತ್ತೆ ಒಂದರಿಂದ ಆರಂಭ.

ಬೆಂಕಿ ಕೊಡಲಿಗಳೆರಡೂ ದೂರವಾದರೆ ಏನಾಗುತ್ತದೆ ಎಂಬುದಕ್ಕೆ ಗಡಿಯಾಚೆಯ ಒಂದು ದೃಷ್ಟಾಂತವಿದೆ. ಹಿಂದೂಪುರ, ಪೆನುಕೊಂಡೆಗಳನ್ನು ದಾಟಿದರೆ ಸಿಕ್ಕುವ ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ಮತ್ತು ಅವರ ಮಿತ್ರರು 32 ಎಕರೆ ಬರಡುನೆಲ ಕೊಂಡು ‘ಟಿಂಬಕ್ಟು’ ಎಂದು ಹೆಸರಿಟ್ಟರು. ಅವರು ಮಾಡಿದ ಮುಖ್ಯ ಕೆಲಸ ಕಾವಲು. ಬೆಂಕಿ ಬೀಳದಂತೆ ನೋಡಿಕೊಂಡರು, ಮೇವು ಕಡಿತಗಳಿಗೆ ಕಟ್ಟುಪಾಡು ಮಾಡಿದರು. ಮುಂದೆ ಸುತ್ತಲಿನ ಹಳ್ಳಿಗಳೂ ಕೂಡಿ ಕಲ್ಪವಲ್ಲಿ ಎಂಬ ಹೆಸರಿನಲ್ಲಿ ಸಾವಿರಾರು ಎಕರೆ ಗುಡ್ಡಗಾಡನ್ನು ಕಾದುಕೊಂಡರು. ಹಳ್ಳದ ಇಬ್ಬದಿಗಳಲ್ಲಿ ಈಚಲು ತಾನಾಗಿ ತುಂಬಿಕೊಂಡಿತು, ಗುಡ್ಡಗಳ ಮೇಲೆ ಮರ ಎದ್ದಿತು. ಆದರೆ ಸರ್ಕಾರದ ಕಡತದಲ್ಲಿ ಆ ನೆಲದ ಹೆಸರು ಬದಲಾಗಲಿಲ್ಲ. ಅದು ಪಾಳುಭೂಮಿಯಾಗಿಯೇ ಉಳಿಯಿತು. ಪಾಳೆಂದ ಮೇಲೆ ಕೇಳುವವರಾರು? ಗಾಳಿಯಂತ್ರಗಳನ್ನು ನಿಲ್ಲಿಸಲು ಅದೇ ಗುಡ್ಡಗಳನ್ನು ಸೀಳಿ ರಸ್ತೆಗಳಾದವು.

ಪಾಳು ಎಂಬ ಪದ

ಅರಣ್ಯಶಾಸ್ತ್ರದ ಹಳೆಯ ಗ್ರಂಥಗಳೂ ಕುರುಚಲಿಗೆ ಒಳ್ಳೆಯ ಸ್ಥಾನ ಕೊಟ್ಟಿಲ್ಲ. ಭಾರತದ ಕಾಡುಗಳನ್ನು ವರ್ಗೀಕರಿಸಿ ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಹೊರತಂದ ಗ್ರಂಥ ಇಂದಿಗೂ ಅರಣ್ಯಾಧಿಕಾರಿಗಳ ಕೈಪಿಡಿ. ಒಣ ಎಲೆಯುದುರುವ ಕಾಡಿನ ಕುರುಚಲನ್ನು ಅದು ಕಾಡು ಕೆಟ್ಟು ಇಳಿದ ಹಂತವೆಂದು ಗುರುತಿಸುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಇಳಿಯುವ ಮೆಟ್ಟಿಲೇ ಹತ್ತುವ ಮೆಟ್ಟಿಲೂ ಹೌದು; ಗಿಡ ಯಾವ ಕಡೆಗೆ ಮುಖ ಮಾಡಿದೆ ಎಂಬುದು ನಕಾಶೆಯಲ್ಲಿ ಕಾಣುವುದಿಲ್ಲ. ಮುಳ್ಳಿನ ನಡುವೆ ಅಗಲ ಎಲೆಯ ಸಸಿಗಳಿವೆಯೇ, ಅವು ಬೀಜದಿಂದ ಹುಟ್ಟಿದವೇ ಬೊಡ್ಡೆಯವೇ ಎಂದು ಬಗ್ಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ನೋಡದೆ ಹೋದುದರ ಫಲ ಒಣಸೀಮೆಯಲ್ಲೆಲ್ಲ ಕಾಣುತ್ತದೆ. ಕುರುಚಲು ಕಿತ್ತು ನೀಲಗಿರಿ ನೆಟ್ಟದ್ದು ಒಂದು ಕಾಲ. ಎಲೆಯ ಮಟ್ಟಿಗೆ ನೀಲಗಿರಿಯೂ ಜಾಣ ಮರ. ಎಳೆತನದಲ್ಲಿ ಅಗಲವಾಗಿದ್ದ ಎಲೆ ಬಲಿತ ಮೇಲೆ ಕುಡುಗೋಲಿನಂತೆ ಕಿರಿದಾಗಿ ಜೋತುಬಿದ್ದು ನಡುಹಗಲ ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಅದರಡಿಯಲ್ಲಿ ಮುಂದಿನ ಪೀಳಿಗೆ ಏಳುವುದಿಲ್ಲ. ಉದುರಿದ ಎಲೆಯನ್ನು ಹುಳುಗಳೂ ಒಲ್ಲವು. ಅಂತರ್ಜಲದ ಚಿಂತೆ ಹೆಚ್ಚಿದ ಮೇಲೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಹಾಗೆಂದು ಎಲ್ಲ ಬಯಲೂ ಕಾಡಾಗಲು ಕಾದು ನಿಂತಿದೆಯೆಂದು ತಿಳಿಯುವುದೂ ಅಷ್ಟೇ ದೊಡ್ಡ ತಪ್ಪು. ಅದಕ್ಕೆ ಸಾಕ್ಷಿ ಕೊಡಿಗೇನಹಳ್ಳಿ ಹೋಬಳಿಯಲ್ಲಿಯೇ ಇದೆ. ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ಬೀಡು. ಅದರ 798 ಎಕರೆಯನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕೃಷ್ಣಮೃಗ ಬದುಕುವುದು ಕಣ್ಣಿನ ನಂಬಿಕೆ, ಕಾಲಿನ ಓಟಗಳಿಂದ. ದೂರಕ್ಕೆ ನೋಟ ಹರಿಯಬೇಕು, ಓಡಲು ತಡೆಯಿರಬಾರದು. ಅಲ್ಲಿ ನೆಟ್ಟ ನೀಲಗಿರಿಯ ತೋಪಾಗಲಿ, ಸದುದ್ದೇಶದಿಂದ ನೆಡುವ ಬೇರಾವ ಮರವಾಗಲಿ ಅದಕ್ಕೆ ಉಪಕಾರವಲ್ಲ. ಹುಲ್ಲೂ ಎಲೆಯೇ, ಎಲ್ಲಕ್ಕಿಂತ ಕಿರಿದಾದ ಎಲೆ. ಅದರ ನೆಲವನ್ನು ಅದಕ್ಕೆ ಬಿಡಬೇಕು. ಇತ್ತ ಗುಡ್ಡಗಳ ಸಾಲಿನಲ್ಲಿ, 2016ರಲ್ಲಿ ವನ್ಯಜೀವಿಧಾಮವಾದ ತಿಮ್ಮಲಾಪುರದ ಕಾಡಿನಂಥ ಕಡೆ, ಎಲಚಿ, ಕವಳಿ, ಕಕ್ಕೆಯ ಹಣ್ಣುಗಳನ್ನು ಅರಸಿ ತಿರುಗುವ ಕರಡಿಗೆ ಪೊದೆಯೂ ಬೇಕು, ಮರವೂ ಬೇಕು. ಬಸ್ಸಿನ ಒಂದು ಪಯಣದೊಳಗೆ ಎರಡು ಬೇರೆ ಬೇರೆ ನ್ಯಾಯಗಳು.

ಮಳೆಗೆ ಮುನ್ನ

ಒಣಕಾಡಿನ ಇನ್ನೊಂದು ಸೋಜಿಗ ಯುಗಾದಿಯ ಬೇವಿನಲ್ಲಿ ಎಲ್ಲರ ಕೈಗೂ ಬಂದಿರುತ್ತದೆ. ನೆಲ ಬಿರಿದಿರುವ ಕಾಲದಲ್ಲಿ, ಮಳೆಗೆ ಇನ್ನೂ ತಿಂಗಳುಗಳಿರುವಾಗ, ಮರಕ್ಕೆ ಆ ಎಳೆಚಿಗುರು ಎಲ್ಲಿಂದ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಮುದುಮಲೆಯ ಒಣಕಾಡಿನಲ್ಲಿ ಇದನ್ನು ಪರಿಶೀಲಿಸಿ 1993ರಲ್ಲಿ ಬರೆದರು. ಮಳೆಗೆ ಮುಂಚೆಯೇ ಚಿಗುರಿದ ಮರಗಳ ಎಲೆಗಳಿಗೆ ಕೀಟಗಳ ಕಾಟ ಕಡಮೆಯೆಂದು ಅವರು ಕಂಡುಕೊಂಡರು. ಮಳೆಯೊಡನೆ ಹುಳುಗಳ ಸೈನ್ಯ ಬರುವಷ್ಟರಲ್ಲಿ ಎಲೆ ಬಲಿತು ಒರಟಾಗಿರುತ್ತದೆ. ಆದರೆ ಬೇಸಗೆಯ ನಡುವೆ ಚಿಗುರಲು ಆಳದ ನೀರನ್ನು ಮುಟ್ಟಬಲ್ಲ ಬೇರೋ ಮೈಯಲ್ಲಿ ಕೂಡಿಟ್ಟ ನೀರೋ ಬೇಕು. ಮೇಲುಬೇರಿನ ಎಳೆಯ ಗಿಡ ಮಳೆಯನ್ನೇ ಕಾಯಬೇಕು.

ಈ ಬೇರಿನ ವಿದ್ಯೆಯಲ್ಲಿ ಕಮರವನ್ನು ಮೀರಿಸುವ ಮರ ಅಪರೂಪ. ಸಿರಾ, ಚಿತ್ರದುರ್ಗಗಳ ಕಡೆಯ ಒಣಗುಡ್ಡಗಳು ಅದರ ತವರು. 2019ರಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮವಾದ ಬುಕ್ಕಾಪಟ್ಟಣ ಇರುವುದು ಆ ಸೀಮೆಯಲ್ಲಿಯೇ. ಕಮರದ ಮರವನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ಅಷ್ಟು ಭಾರ. ಎಲೆ ಮಂದಾರದಂತೆ ಎರಡಾಗಿ ಸೀಳಿದ್ದು. ಸೀಳು ಬುಡದವರೆಗೂ ಇಳಿದು ಎರಡು ಪುಟ್ಟ ರೆಕ್ಕೆಗಳಂತೆ ಕಾಣುತ್ತದೆ. ವೈಶಾಖದ ಬಿಸಿಗಾಳಿಗೆ ಅದರ ಚಪ್ಪಟೆಯ ಕಾಯಿಗಳು ಕಳಚಿ ತೇಲುತ್ತ ದೂರ ಹೋಗಿ ಬೀಳುತ್ತವೆ. ಬಂಡೆಯ ಮೇಲೆ ಬಿದ್ದವು ಅಲ್ಲಿಯೇ ಒಣಗುತ್ತವೆ. ಮುಳ್ಳಿನ ಪೊದೆಯ ಬುಡದಲ್ಲಿ, ಕಿರುಎಲೆಗಳ ಹಾಸಿನ ಮೇಲೆ ಬಿದ್ದದ್ದು ಮಳೆ ಹಿಡಿದ ಮೇಲೆ ಮೊಳೆತು ಒಂದೆರಡು ಎಲೆ ಬಿಡುತ್ತದೆ. ಮುಂದಿನ ಬೇಸಗೆಗೆ ಆ ಎಲೆಗಳು ಸುಟ್ಟುಹೋಗುತ್ತವೆ, ಎಳೆಯ ಕಾಂಡವೂ ಒಣಗುತ್ತದೆ. ಸತ್ತಿತೆಂದೇ ನೋಡಿದವರು ತಿಳಿಯುತ್ತಾರೆ. ಮತ್ತೆ ಮಳೆ, ಮತ್ತೆ ಎರಡೆಲೆ, ಮತ್ತೆ ಒಣಗುವುದು. ಹೀಗೆ ಕೆಲವು ವರ್ಷ ನಡೆಯುತ್ತಿರುವಾಗ ತಾಯಿಬೇರು ಬಂಡೆಯ ಬಿರುಕನ್ನು ಹಿಡಿದು ಮೇಲಿನ ಗಿಡಕ್ಕಿಂತ ಎಷ್ಟೋ ಪಾಲು ಉದ್ದವಾಗಿ ಕೆಳಗೆ ಇಳಿದಿರುತ್ತದೆ.